ಖಾಲಿ ಕೊಡಬಾರದ ಡಬ್ಬಿ

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಹಿರಿಯರು ಹೇಳಿದ್ದಾರೆ. ಉಮಾವತಿ ಕೊಟ್ಟದ್ದು ಅವಳ ಎಡಗೈಗೆ ಮಾತ್ರವಲ್ಲ, ದಿಲ್ಲಿಯ ಜನಕಪುರಿಯಿಂದ ದ್ವಾರಕಾದವರೆಗಿನ ಕನ್ನಡದ ಮನೆಗಳಿಗೆಲ್ಲ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಹಾಗೆಂದು ಅವಳು ಕೊಡುವುದರಲ್ಲಿ ಕಳ್ಳತನ ಮಾಡುವವಳಲ್ಲ. ಕೊಟ್ಟರೆ ಕೈತುಂಬ, ಹೇಳಿಕೊಂಡರೆ ಬಾಯಿತುಂಬ. ಎರಡರಲ್ಲೂ ಜಿಪುಣತನವೆಂಬುದು ಇರಲಿಲ್ಲ.

ಅವಳದೂ ಗಂಡ ರತ್ನಾಕರನದೂ ಜನಕಪುರಿಯ ಮಾರ್ಕೆಟ್ಟಿನಲ್ಲಿ ಒಂದು ಹೋಟೆಲು. ಕುಂದಾಪುರದ ಕಡೆಯಿಂದ ಬಂದು ಮೂವತ್ತೆರಡು ವರ್ಷವಾಗಿತ್ತು. ಗಲ್ಲಾ ರತ್ನಾಕರನದು, ಅಡುಗೆಮನೆ ಉಮಾವತಿಯದು. ಗಲ್ಲಾದಲ್ಲಿ ಕೂತವನಿಗೆ ಅಡುಗೆಮನೆಯ ಕಡೆ ತಿರುಗಿ ನೋಡುವ ಧೈರ್ಯವಿರಲಿಲ್ಲ, ಅದರಿಂದಲೇ ಸಂಸಾರವೂ ವ್ಯಾಪಾರವೂ ಚೆನ್ನಾಗಿ ನಡೆದಿದ್ದವು.

ಜನವರಿಯ ಮೊದಲ ವಾರ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಹಾಕಿದವನು ಯಶವಂತ್, ಗುರುಗ್ರಾಮದಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು. ಚಳ್ಳಕೆರೆ ಕಡೆಯ ರಘುನಂದನ್ ಎಂಬವರು ಮಾನೇಸರ್‌ನಲ್ಲಿ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ಮಂಜಿನಲ್ಲಿ ಬೈಕಿನಿಂದ ಬಿದ್ದು ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದಿವೆ. ಆರು ತಿಂಗಳು ಏಳುವಂತಿಲ್ಲ. ಗುತ್ತಿಗೆಯ ನೌಕರಿಯಾದ್ದರಿಂದ ಸಂಬಳ ನಿಂತಿದೆ. ಆಸ್ಪತ್ರೆ ಹತ್ತಿರವಾಗಲಿ ಎಂದು ಹೆಂಡತಿ, ಆರು ವರ್ಷದ ಮಗಳೊಂದಿಗೆ ಜನಕಪುರಿ ಹಿಂಬದಿಯ ಗಲ್ಲಿಗೆ ಬಂದಿದ್ದಾರೆ. ಯಾರಾದರೂ ನೆರವಾಗಬಹುದೇ?

ಮಧ್ಯಾಹ್ನದೊಳಗೆ ಆ ಸಂದೇಶದ ಕೆಳಗೆ ಎಪ್ಪತ್ತು ಜನ ಕೈಮುಗಿದರು. ಕೆಲವರು ಕೆಂಪು ಹೃದಯವನ್ನೂ ಹಾಕಿದರು. ಉಮಾವತಿಗೆ ಟೈಪು ಮಾಡಲು ಬರುವುದಿಲ್ಲ. ಅವಳು ಮೂರು ಅಂತಸ್ತಿನ ಸ್ಟೀಲ್ ಡಬ್ಬಿಗೆ ಅನ್ನ, ಸಾಂಬಾರು, ಪಲ್ಯ ತುಂಬಿ, ಶಾಲು ಹೊದ್ದು ಇ-ರಿಕ್ಷಾ ಹತ್ತಿದಳು.

ಮನೆಯೆಂದರೆ ಮೂರನೆಯ ಮಹಡಿಯ ಮೇಲೆ ತಾರಸಿಗೆ ಅಂಟಿಕೊಂಡ ಒಂದು ಕೋಣೆ. ಉಮಾವತಿಯ ಮೊಣಕಾಲಿಗೆ ಮೊದಲ ಮಹಡಿಯೇ ಹೆಚ್ಚು. ಏದುಸಿರು ಬಿಡುತ್ತ ಬಾಗಿಲು ಬಡಿದಾಗ ತೆರೆದವಳು ರಘುನಂದನನ ಹೆಂಡತಿ ಸಿಂಧೂರ. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಕೈಯಲ್ಲಿ ಸೂಜಿದಾರ, ಹೆಗಲ ಮೇಲೆ ಯಾರದೋ ರೇಷ್ಮೆ ಸೀರೆ. ಗಲ್ಲಿಯ ದರ್ಜಿಯೊಬ್ಬನಿಗೆ ಸೀರೆಯ ಫಾಲ್ ಹೊಲಿದು ಕೊಡುತ್ತಿದ್ದಳು.

"ಹೋಟೆಲಿನವಳು ನಾನು. ಊಟ ತಂದಿದ್ದೇನೆ, ನಾಳೆಯೂ ತರ್ತೇನೆ. ಇನ್ನೊಂದು ಡಬ್ಬಿ ಉಂಟು, ಇದು ನಿನ್ನ ಹತ್ತಿರ ಇರಲಿ," ಎಂದಳು ಉಮಾವತಿ.

"ಒಳಗೆ ಬನ್ನಿ ಅಮ್ಮ, ಕೂತ್ಕೊಳ್ಳಿ. ಟೀ ಮಾಡ್ತೀನಿ."

"ಏನೂ ಬೇಡ ಮಾರಾಯ್ತಿ. ನೀವೇ ಕಷ್ಟದಲ್ಲಿದ್ದೀರಿ, ನನಗೆಂಥ ಉಪಚಾರ?"

"ನೀರಾದ್ರೂ..."

"ಈಗ ಕುಡಿದೇ ಬಂದದ್ದು. ಚಲೋ, ನಾಳೆ ಬರ್ತೇನೆ."

ಕಷ್ಟದಲ್ಲಿರುವ ಮನೆಯಲ್ಲಿ ಒಂದು ತೊಟ್ಟು ನೀರನ್ನೂ ಮುಟ್ಟಬಾರದು ಎನ್ನುವುದು ಉಮಾವತಿಯ ನೇಮ. ಯಾರೂ ಅವಳಿಗೆ ಕಲಿಸಿದ್ದಲ್ಲ, ತಾನೇ ಮಾಡಿಕೊಂಡದ್ದು. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮೂರು ತಿಂಗಳು ಅವಳು ಆ ಹೊಸ್ತಿಲು ದಾಟಲಿಲ್ಲ.

ಮರುದಿನ ತುಂಬಿದ ಡಬ್ಬಿ ಕೊಟ್ಟು ಹಿಂದಿನ ದಿನದ ಡಬ್ಬಿ ತಂದಳು. ಹೋಟೆಲಿಗೆ ಬಂದು ತೆರೆದರೆ ಥಳಥಳ ಬೆಳಗಿದ ಡಬ್ಬಿಯ ನಡುವಿನ ಅಂತಸ್ತಿನಲ್ಲಿ ಒಂದು ಲೋಟದಷ್ಟು ಸಕ್ಕರೆ.

"ನೋಡಿ, ನೋಡಿ," ಎಂದು ಗಲ್ಲಾಕ್ಕೆ ಕೊಂಡುಹೋಗಿ ಗಂಡನಿಗೆ ತೋರಿಸಿದಳು. "ಸಂಸ್ಕಾರ ಅಂದ್ರೆ ಇದು. ಖಾಲಿ ಡಬ್ಬಿ ವಾಪಸು ಕೊಡಲಿಲ್ಲ ಹುಡುಗಿ. ಇಲ್ಲಿ ನಮ್ಮ ಪಕ್ಕದ ಮನೆಯವರಿಗೆ ಎಷ್ಟು ವರ್ಷದಿಂದ ಕಡುಬು ಕೊಡ್ತಾ ಇದ್ದೇನೆ, ಒಂದು ದಿನ ಒಂದು ಕಾಳು ಹಾಕಿ ಕೊಟ್ಟದ್ದುಂಟಾ?"

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಕರಾವಳಿಯಲ್ಲೂ ಹಾಗೆ, ಬಯಲುಸೀಮೆಯಲ್ಲೂ ಹಾಗೆ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ವರ್ಷಕ್ಕೆ ಎರಡು ಹಬ್ಬಕ್ಕೆ ಪಾತ್ರೆ ಬದಲಾಯಿಸಿಕೊಳ್ಳುವ ಮನೆಗಳಿಗೆ ಇದು ಬಹಳ ಚಂದದ ಪದ್ಧತಿ. ದಿನಾ ಬರುವ ಡಬ್ಬಿಗೆ ಏನು ಮಾಡಬೇಕೆಂದು ಅದನ್ನು ಮಾಡಿದ ಹಿರಿಯರು ಯೋಚಿಸಿರಲಿಲ್ಲ. ಉಮಾವತಿಯೂ ಯೋಚಿಸಲಿಲ್ಲ.

ಸಕ್ಕರೆ ಹೋಟೆಲಿನ ಸಕ್ಕರೆಯ ಡ್ರಮ್ಮಿಗೆ ಹೋಯಿತು. ಆಮೇಲೆ ಒಂದು ದಿನ ಹೆಸರುಬೇಳೆ ಬಂತು, ಒಂದು ದಿನ ಬೆಲ್ಲದ ಅಚ್ಚು, ಒಂದು ದಿನ ಎರಡು ಬಾಳೆಹಣ್ಣು. ಸಂಕ್ರಾಂತಿಯ ನಂತರ ಶೇಂಗಾ ಚಟ್ನಿಪುಡಿ ಬಂತು. ಅದನ್ನು ರತ್ನಾಕರ ಬಿಸಿ ಅನ್ನಕ್ಕೆ ಕಲಸಿಕೊಂಡು ತಿಂದು ಬೆರಳು ಚೀಪಿದ. ಬೆಳಿಗ್ಗೆ ದೋಸೆಗೆ ಬರುವ ಖಾಯಂ ಗಿರಾಕಿಗಳಿಗೂ ಚಮಚ ಚಮಚ ಹಂಚಿದ. ಮೂರು ದಿನದಲ್ಲಿ ಮುಗಿಯಿತು.

ಉಮಾವತಿ ಮೆಚ್ಚುಗೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವಳಲ್ಲ. ಮರುದಿನವೇ ಬಾಗಿಲಲ್ಲಿ ನಿಂತು ಹೇಳಿದಳು: "ಎಂಥ ಕೈರುಚಿ ಮಾರಾಯ್ತಿ ನಿನ್ನದು! ಚಟ್ನಿಪುಡಿ ಮುಗಿದೇ ಹೋಯ್ತು. ನಮ್ಮ ಮನೆಯವರು ಮತ್ತೆ ಯಾವಾಗ ಅಂತ ಕೇಳ್ತಾ ಇದ್ದರು."

ಹೊಗಳಿದರೆ ಹುಡುಗಿಗೆ ಖುಷಿಯಾದೀತು ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಸಿಂಧೂರ ನಕ್ಕಳು. ನಾಲ್ಕೇ ದಿನಕ್ಕೆ ಮತ್ತೊಂದು ಡಬ್ಬಿ ತುಂಬ ಚಟ್ನಿಪುಡಿ ಬಂತು. ಅದರ ಹಿಂದೆ ಶೇಂಗಾ ಉಂಡೆ ಬಂದವು, ಒಂದಲ್ಲ ಎರಡಲ್ಲ, ಹದಿನಾಲ್ಕು.

ಉಂಡೆ ತಿನ್ನುವವರು ಯಾರು? ಉಮಾವತಿಗೆ ಸಕ್ಕರೆ ಕಾಯಿಲೆ. ರತ್ನಾಕರನಿಗೆ ಹಲ್ಲಿನ ತೊಂದರೆ. ಮಗ ರೋಹಿತ್ ನೋಯ್ಡಾದ ಕಂಪನಿಯೊಂದಕ್ಕೆ ಹೋಗುತ್ತಾನೆ, ಹೊಸ ವರ್ಷದಿಂದ ಹೊಟ್ಟೆ ಇಳಿಸುವ ವ್ರತ ಹಿಡಿದಿದ್ದ.

"ಅಮ್ಮಾ, ಶುಗರ್ ಬಂದ್ ಕಿಯಾ ಹೈ ಮೈನೇ. ಇದರಲ್ಲಿ ಎಷ್ಟು ಕ್ಯಾಲರಿ ಇದೆ, ಪತಾ ಹೈ?" ಎಂದು ಡಬ್ಬಿಯನ್ನು ದೂರ ತಳ್ಳಿದ.

ಉಂಡೆಗಳು ಒಂದು ಭರಣಿಗೆ ಬಿದ್ದು ಕಪಾಟು ಸೇರಿದವು. ಫೆಬ್ರವರಿ ಮುಗಿಯುವ ಹೊತ್ತಿಗೆ ಅವಕ್ಕೆ ಕಮಟು ವಾಸನೆ ಹಿಡಿಯಿತು, ಇರುವೆ ಮುತ್ತಿತು. ಉಮಾವತಿ ಅವನ್ನು ಕಸದ ಬುಟ್ಟಿಗೆ ಸುರಿದು, ಅಯ್ಯೋ ಪಾಪ ಎಂದುಕೊಂಡು, ಭರಣಿ ತೊಳೆದಿಟ್ಟಳು. ಅಂದು ಮಧ್ಯಾಹ್ನ ಸಿಂಧೂರ ಕೇಳಿದಾಗ "ಬಹಳ ಚೆನ್ನಾಗಿತ್ತು" ಎಂದಳು. ಸುಳ್ಳು ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅದು ಮರ್ಯಾದೆಯ ಮಾತು.

ಮಾರ್ಚ್ ಬಂತು. ಡಬ್ಬಿಯಲ್ಲಿ ಬರುವುದು ಸಣ್ಣದಾಗತೊಡಗಿತು. ಒಂದು ನಿಂಬೆಹಣ್ಣು. ಒಂದು ಹಿಡಿ ಕರಿಬೇವು. ಏಳೆಂಟು ಒಣದ್ರಾಕ್ಷಿ. ಒಂದು ದಿನ ಬರೀ ನಾಲ್ಕು ಲವಂಗ. ಡಬ್ಬಿ ಅಲ್ಲಾಡಿಸಿದರೆ ಕಿಣಿಕಿಣಿ ಎನ್ನುತ್ತಿತ್ತು. ಉಮಾವತಿ ನಕ್ಕು, "ಹುಡುಗಿಗೆ ಸೋಮಾರಿತನ ಬಂತು," ಎಂದು ಲವಂಗವನ್ನು ಬಾಯಿಗೆ ಹಾಕಿಕೊಂಡಳು.

ಯುಗಾದಿಯಾಗಿ ಎರಡು ದಿನಕ್ಕೆ ಸಿಂಧೂರ ತುಂಬಿದ ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹೇಳಿದಳು: "ಅಮ್ಮ, ನಾಳೆಯಿಂದ ಊಟ ಬೇಡ. ನಮಗೆ ವ್ಯವಸ್ಥೆ ಆಗಿದೆ."

"ಎಂಥ ವ್ಯವಸ್ಥೆ?"

"ಆಗಿದೆ ಅಮ್ಮ. ನೀವು ಇಷ್ಟು ದಿನ ಮಾಡಿದ್ದು ಮರೆಯಲ್ಲ."

"ಅವರು ಎದ್ದು ಓಡಾಡ್ತಾರಾ?"

"ಇಲ್ಲ. ಇನ್ನೂ ಮೂರು ತಿಂಗಳು ಅಂದಿದ್ದಾರೆ."

"ಮತ್ತೆ?"

ಸಿಂಧೂರ ನೆಲ ನೋಡಿದಳು. ಅಂದು ಹಿಂದಿನ ದಿನದ ಡಬ್ಬಿಯನ್ನೂ ಕೊಡಲಿಲ್ಲ. ಉಮಾವತಿ ಬರಿಗೈಯಲ್ಲಿ ಮೆಟ್ಟಿಲು ಇಳಿದಳು. ಇಳಿಯುವಾಗ ಮೊಣಕಾಲು ಹತ್ತುವಾಗಿನದಕ್ಕಿಂತ ಹೆಚ್ಚು ನೋಯುತ್ತದೆ ಎಂಬುದು ಅವಳಿಗೆ ಅಂದೇ ತಿಳಿದದ್ದು.

ಹೋಟೆಲಿಗೆ ಬಂದವಳ ಕೋಪ ಮೂಗಿನ ತುದಿಯಲ್ಲಿತ್ತು. ಹಿಟ್ಟು ರುಬ್ಬುವವನಿಗೆ ಬೈದಳು, ಹಾಲಿನವನಿಗೆ ಬೈದಳು, ಕೊನೆಗೆ ಗಲ್ಲಾಕ್ಕೇ ಬಂದಳು.

"ಬೇಡವಂತೆ! ಮೂರು ತಿಂಗಳು ಈ ಕಾಲಿಟ್ಟುಕೊಂಡು ಮೂರು ಮಾಳಿಗೆ ಹತ್ತಿದೆ. ವ್ಯವಸ್ಥೆ ಆಗಿದೆಯಂತೆ. ಎರಡು ಡಬ್ಬಿಯನ್ನೂ ಇಟ್ಟುಕೊಂಡಳು!"

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ," ಎಂದ ರತ್ನಾಕರ, ಚಿಲ್ಲರೆ ಜೋಡಿಸುತ್ತ.

"ನಿಮಗೆ ತಮಾಷೆ."

"ಬೇಡ ಅಂದ ಮೇಲೆ ಬಿಡು ಮಾರಾಯ್ತಿ. ಕೊಡುವವರಿಗೆ ದಿಲ್ಲಿಯಲ್ಲಿ ಜನಕ್ಕೇನು ಬರ?"

ಮೂರು ದಿನ ಉಮಾವತಿ ಬಿಟ್ಟಳು. ಆ ಮೂರು ದಿನ ಹನ್ನೊಂದೂವರೆ ಗಂಟೆಗೆ ಅವಳ ಕೈ ತಾನಾಗಿ ಡಬ್ಬಿ ಇಡುವ ಕಪಾಟಿಗೆ ಹೋಗಿ, ಅಲ್ಲಿ ಡಬ್ಬಿ ಇಲ್ಲದ್ದನ್ನು ನೋಡಿ ಹಿಂದೆ ಬರುತ್ತಿತ್ತು. ಮಲಗಿದಲ್ಲೇ ಇರುವ ಆ ಗಂಡಸು ಏನು ತಿನ್ನುತ್ತಿದ್ದಾನೆ? ಆ ಮಗು? ತನ್ನ ಅಡುಗೆ ಸೇರಲಿಲ್ಲವೇ? ತಾನು ಗುಂಪಿನ ಹೆಂಗಸರ ಮುಂದೆ ಹೇಳಿಕೊಂಡದ್ದನ್ನು ಯಾರಾದರೂ ಚಾಡಿ ಹೇಳಿದರೇ? ಹೀಗೆ ಯೋಚಿಸಿ ಯೋಚಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇ-ರಿಕ್ಷಾ ಹತ್ತಿದಳು. ಊಟ ಬೇಡವೆಂದರೆ ಬೇಡ, ತನ್ನ ಡಬ್ಬಿಗಳನ್ನು ತರಲು ತನಗೆ ಯಾರ ಅಪ್ಪಣೆ ಬೇಕು?

ಬಾಗಿಲು ಓರೆಯಾಗಿತ್ತು. ಸಿಂಧೂರ ಇರಲಿಲ್ಲ, ಹೊಲಿದ ಸೀರೆ ದರ್ಜಿಗೆ ಕೊಡಲು ಹೋಗಿದ್ದಳು. ಮಗು ಇಂಚರಾ ಶಾಲೆಗೆ ಹೋಗಿತ್ತು. ಮಂಚದ ಮೇಲೆ ರಘುನಂದನ್ ಒಬ್ಬನೇ ಮಲಗಿದ್ದ. ಮೂರು ತಿಂಗಳಲ್ಲಿ ಉಮಾವತಿ ಅವನ ಕೆಮ್ಮು ಕೇಳಿದ್ದಳೇ ಹೊರತು ಮುಖ ನೋಡಿದ್ದು ಕಡಿಮೆ.

"ಬನ್ನಿ ಅಮ್ಮ. ಏಳಕ್ಕಾಗಲ್ಲ, ತಪ್ಪು ತಿಳ್ಕೋಬೇಡಿ."

"ಡಬ್ಬಿ ತಗೊಂಡು ಹೋಗುವ ಅಂತ ಬಂದೆ," ಎಂದಳು ಬಾಗಿಲಲ್ಲೇ ನಿಂತು. ಗೋಡೆಯ ಹಲಗೆಯ ಮೇಲೆ ಬೆಳಗಿದ ಎರಡೂ ಡಬ್ಬಿಗಳು ಬೋರಲಾಗಿದ್ದವು. "ತೊಳೆದೇ ಇಟ್ಟಿದ್ದಾಳಲ್ಲ. ಅವತ್ತೇ ಕೊಡಬಹುದಿತ್ತು."

ರಘುನಂದನ್ ಸೂರು ನೋಡಿದ. ಸುತ್ತುಬಳಸಿ ಮಾತಾಡುವ ತಾಳ್ಮೆ ಮಲಗಿ ಮಲಗಿ ಅವನಿಗೆ ಹೊರಟುಹೋಗಿತ್ತು.

"ಅದರಲ್ಲಿ ಹಾಕಿ ಕೊಡೋಕೆ ಮನೇಲಿ ಏನೂ ಇಲ್ಲ ಅಮ್ಮ. ಅದಕ್ಕೇ ಕೊಟ್ಟಿಲ್ಲ. ಅದಕ್ಕೇ ಊಟ ಬೇಡ ಅಂದಿದ್ದು. ವ್ಯವಸ್ಥೆ ಗಿವಸ್ಥೆ ಏನೂ ಆಗಿಲ್ಲ."

ಉಮಾವತಿಗೆ ತಟ್ಟನೆ ಅರ್ಥವಾಗಲಿಲ್ಲ. "ಏನು ಹಾಕಿ ಕೊಡುವುದು? ನಾನು ಕೇಳಿದೆನಾ?"

"ಕೇಳಿಲ್ಲ. ಕೇಳದೇ ಇದ್ರೂ ಖಾಲಿ ಕೊಡ್ತಾರಾ? ಸಕ್ಕರೆ ಹಾಕಿದ್ಲು, ಆವತ್ತಿಂದ ಇಂಚರಾಗೆ ಹಾಲಿಗೆ ಸಕ್ಕರೆ ಇರಲಿಲ್ಲ. ಬೇಳೆ ಹಾಕಿದ್ಲು. ನನ್ನ ಮೂಳೆಗೆ ಒಳ್ಳೇದು ಅಂತ ನಮ್ಮತ್ತೆ ಊರಿಂದ ಎರಡು ಕೇಜಿ ಶೇಂಗಾ ಕಳಿಸಿದ್ರು. ನಿಮಗೆ ಚಟ್ನಿಪುಡಿ ಇಷ್ಟ ಆಯ್ತು ಅಂತ ಮುಕ್ಕಾಲು ಪಾಲು ಅದಕ್ಕೇ ಹೋಯ್ತು. ಉಳಿದಿದ್ದು ಉಂಡೆ. ನಾನು ಬೈದೆ. ಮೂರು ಮಹಡಿ ಹತ್ತಿ ಬರೋರಿಗೆ ಇಷ್ಟೂ ಮಾಡಬಾರದಾ ಅಂದ್ಲು."

ಇ-ರಿಕ್ಷಾವೊಂದು ಕೆಳಗಿನ ಗಲ್ಲಿಯಲ್ಲಿ ಹಾರ್ನ್ ಮಾಡುತ್ತಲೇ ಇತ್ತು. ಅದು ನಿಂತ ಮೇಲೆ ರಘುನಂದನ್ ಹೇಳಿದ: "ನೀವು ಬಂದೋರು ಒಂದಿನ ಕೂತಿದ್ರೆ, ಒಂದು ಲೋಟ ಟೀ ಕುಡಿದಿದ್ರೆ, ಅವಳಿಗೆ ಅಷ್ಟಕ್ಕೇ ಸಮಾಧಾನ ಆಗ್ತಿತ್ತೇನೋ. ಅದಕ್ಕೂ ಬಿಡಲಿಲ್ಲ ನೀವು. ಅವಳಿಗೆ ಉಳಿದಿದ್ದು ಆ ಡಬ್ಬಿ ಒಂದೇ."

ಉಮಾವತಿ ಹೊಸ್ತಿಲು ದಾಟಿ ಒಳಗೆ ಬಂದು, ಹೊಲಿಗೆಯ ಸ್ಟೂಲಿನ ಮೇಲೆ ಕೂತಳು. ಅವಳಿಗೆ ನಾಚಿಕೆಯಾಯಿತು. ಬೇರೆಯವರ ಮನೆಯ ಕಷ್ಟವನ್ನು ಕಂಡು ಮರುಗಿದ್ದು ಅವಳ ಬದುಕಿನಲ್ಲಿ ಬೇಕಾದಷ್ಟಿತ್ತು, ಬೇರೆಯವರ ಮನೆಯ ಕಷ್ಟಕ್ಕೆ ತಾನೇ ಕಾರಣವಾದದ್ದು ಇರಲಿಲ್ಲ. ಆ ಮನೆಯ ಸಕ್ಕರೆಯನ್ನು ತಾನು ಹೋಟೆಲಿನ ಡ್ರಮ್ಮಿಗೆ ಸುರಿದದ್ದು, ಅದು ಮಾರ್ಕೆಟ್ಟಿನ ಯಾರುಯಾರದೋ ಚಹಾಕ್ಕೆ ಹೋದದ್ದು, ಒಂದೊಂದಾಗಿ ನೆನಪಿಗೆ ಬಂತು.

ಅಷ್ಟರಲ್ಲಿ ಸಿಂಧೂರ ಬಂದಳು, ಕಂಕುಳಲ್ಲಿ ಹೊಸ ಸೀರೆಗಳ ಗಂಟು. ಸ್ಟೂಲಿನ ಮೇಲೆ ಕೂತ ಉಮಾವತಿಯನ್ನೂ ಮಂಚದ ಮೇಲಿನ ಗಂಡನನ್ನೂ ನೋಡಿದಳು. ಯಾರೂ ಅವಳಿಗೆ ಏನನ್ನೂ ವಿವರಿಸಬೇಕಾಗಲಿಲ್ಲ.

"ಹೇಳಿಬಿಟ್ರಾ? ನಿಮಗೆ ಬಾಯಿ ನಿಲ್ಲಲ್ಲ ಅಲ್ವಾ?" ಎಂದಳು ಗಂಡನಿಗೆ. ಆಮೇಲೆ ಉಮಾವತಿಯ ಕಡೆ ತಿರುಗಿ ದನಿ ಬದಲಿಸಿದಳು. "ಇರಲಿ ಬಿಡಿ ಅಮ್ಮ. ಕೊಟ್ಟಿದ್ದಕ್ಕೆ ನನಗೇನೂ ಬೇಜಾರಿಲ್ಲ. ನೀವು ಇಷ್ಟಪಟ್ಟು ತಿಂದ್ರಲ್ಲ, ಅಷ್ಟು ಸಾಕು. ನಮ್ಮಮ್ಮನಿಗೂ ಫೋನಲ್ಲಿ ಹೇಳಿದೆ, ನೀನು ಕಳಿಸಿದ ಶೇಂಗಾದ ಉಂಡೆ ಹೋಟೆಲಿನ ಅಮ್ಮನಿಗೆ ಬಹಳ ಹಿಡಿಸ್ತು ಅಂತ. ಖುಷಿಪಟ್ಟಳು."

ಇಲ್ಲಿ ಉಮಾವತಿ ಹೌದು ಎಂದಿದ್ದರೆ ಮುಗಿಯುತ್ತಿತ್ತು. ಎರಡು ಒಳ್ಳೆಯ ಮಾತಾಡಿ, ಕಣ್ಣೊರೆಸಿಕೊಂಡು, ಡಬ್ಬಿ ಎತ್ತಿಕೊಂಡು ಮರ್ಯಾದೆಯಿಂದ ಮೆಟ್ಟಿಲು ಇಳಿಯಬಹುದಿತ್ತು. ಹೌದು ಎನ್ನಲು ಬಾಯಿ ತೆರೆದಿದ್ದಳು ಕೂಡ.

"ತಿನ್ನಲಿಲ್ಲ," ಎಂದಳು. "ನನಗೆ ಸಕ್ಕರೆ ಕಾಯಿಲೆ. ನಮ್ಮ ಮನೆಯವರಿಗೆ ಹಲ್ಲು ಸರಿಯಿಲ್ಲ. ಮಗ ಮುಟ್ಟಲಿಲ್ಲ. ಕಪಾಟಿನಲ್ಲಿ ಇಟ್ಟಿದ್ದೆ, ಹಾಳಾಯ್ತು. ಬಿಸಾಡಿದೆ."

"ಎಷ್ಟು?"

"ಹದಿನಾಲ್ಕೂ."

ಸಿಂಧೂರ ಗಂಟನ್ನು ಕೆಳಗೆ ಹಾಕಿದಳು. ಅವಳ ಮುಖ ಕೆಂಪಾಯಿತು.

"ಬಿಸಾಡಿದ್ರಾ? ಹದಿನಾಲ್ಕನ್ನೂ? ಒಂದು ಮಾತು, ನಮ್ಮ ಮನೇಲಿ ಸಿಹಿ ತಿನ್ನೋರಿಲ್ಲ ಕಣೇ ಅಂತ ಒಂದೇ ಒಂದು ಮಾತು ಹೇಳೋಕಾಗಲಿಲ್ವಾ ನಿಮಗೆ? ದಿನಾ ಬರ್ತಿದ್ರಲ್ಲ! ನನ್ನ ಮಗಳಿಗೆ ಒಂದೇ ಉಂಡೆ ಕೊಟ್ಟೆ. ಇನ್ನೊಂದು ಬೇಕು ಅಂತ ಹಟ ಮಾಡಿದ್ಲು. ಅದು ಹೋಟೆಲಿನ ಅಜ್ಜಿಗೆ ಅಂತ ಬೆನ್ನಿಗೆ ಎರಡು ಬಾರಿಸಿದೆ. ಅಳ್ತಾ ಮಲಗಿದ್ಲು. ನೀವು ಕಸಕ್ಕೆ ಹಾಕಿದ್ರಾ? ಇರುವೋರಿಗೆ ಬಿಡಿ, ಗೊತ್ತಾಗಲ್ಲ. ಬೇಡದ್ದು ಬೇಡ ಅನ್ನಬೇಕು ಅನ್ನೋ ಬುದ್ಧಿನೂ ಇರಲ್ವಾ?"

"ಸಿಂಧೂ," ಎಂದ ರಘುನಂದನ್.

"ನೀವು ಸುಮ್ಮನಿರಿ."

ಉಮಾವತಿಯನ್ನು ಮೂವತ್ತು ವರ್ಷದಲ್ಲಿ ಯಾರೂ ಹೀಗೆ ಬೈದಿರಲಿಲ್ಲ. ಅತ್ತೆ ತೀರಿಹೋದ ಮೇಲೆ ಆ ಅಧಿಕಾರ ಯಾರಿಗೂ ಇರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಸಿಂಧೂರ ಅವಳನ್ನು ಸಮಾಧಾನ ಮಾಡಲಿಲ್ಲ. ಮೂಲೆಗೆ ಹೋಗಿ ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದಳು. ಉಮಾವತಿ ಗಟಗಟ ಕುಡಿದು ಲೋಟ ಕೆಳಗಿಟ್ಟಳು.

"ನಾಳೆ ಊಟ ತರ್ತೇನೆ," ಎಂದಳು.

"ಬೇಡ."

"ನನಗೆ ಏನೂ ಬೇಡ ಅಂತ ಈಗ ಗೊತ್ತಾಯ್ತಲ್ಲ. ಖಾಲಿ ಡಬ್ಬಿ ಕೊಡು."

"ಅದು ನನ್ನ ಕೈಯಲ್ಲಿ ಆಗಲ್ಲ ಅಮ್ಮ. ನಿಮ್ಮ ಕೈಯಲ್ಲಿ ಆಗ್ತಿತ್ತಾ?"

ಉಮಾವತಿ ಪ್ರಾಮಾಣಿಕವಾಗಿ ಯೋಚಿಸಿದಳು. ಆಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಒಂದು ಚಿಟಿಕೆ ಸಕ್ಕರೆ ಹುಡುಕಿ ಹಾಕಿಯೇ ಕೊಡುತ್ತಿದ್ದಳು.

"ಪ್ಲಾಸ್ಟಿಕ್ಕಿನಲ್ಲಿ ತಂದರೆ? ಹೋಟೆಲಿನ ಪಾರ್ಸಲ್ ಡಬ್ಬಿ ಉಂಟು. ವಾಪಸು ಕೊಡುವ ತಲೆಬಿಸಿಯೇ ಇಲ್ಲ."

"ಪಾರ್ಸಲ್ ಅಂದ್ರೆ ಕೊಂಡ್ಕೋಬೇಕು. ದಿನಾ ಪುಕ್ಕಟೆ ಪಾರ್ಸಲ್ ಈಸ್ಕೊಳ್ಳೋಕೆ ನಾನು ಗುರುದ್ವಾರದ ಮುಂದೆ ಕೂತಿದೀನಾ?"

ಉಮಾವತಿ ಹಲಗೆಯ ಮೇಲಿನ ಡಬ್ಬಿಗಳನ್ನೇ ನೋಡುತ್ತ ಕೂತಳು. ಅವು ಹೊಳೆಯುತ್ತಿದ್ದವು. ಹೋಟೆಲಿನ ಯಾವ ಪಾತ್ರೆಯೂ ಹೀಗೆ ಹೊಳೆಯುವುದಿಲ್ಲ. ಮನೆಯಲ್ಲಿ ರೋಹಿತನ ಡಬ್ಬಿಯಂತೂ ಕೇಳುವುದೇ ಬೇಡ. ನೋಯ್ಡಾದಿಂದ ಬಂದವನು ಬ್ಯಾಗಿನಿಂದ ತೆಗೆಯುವುದೂ ಇಲ್ಲ. ರಾತ್ರಿ ಅವಳೇ ಹುಡುಕಿ ತೆಗೆದರೆ ಒಳಗೆ ಒಣಗಿದ ಸಾಂಬಾರು, ಅರ್ಧ ತಿಂದ ಚಪಾತಿ. ಇಪ್ಪತ್ತು ವರ್ಷದಿಂದ ಇದಕ್ಕಾಗಿ ಬೈದಿದ್ದಾಳೆ.

"ತೊಳೆಯದೆ ಕೊಡು," ಎಂದಳು.

"ಏನು?"

"ಡಬ್ಬಿ. ತೊಳೀಬೇಡ. ತಿಂದು ಹಾಗೇ ಮುಚ್ಚಿ ಕೊಡು. ತೊಳೆದು ಕೊಡುವವರು ಹೊರಗಿನವರು. ಹೊರಗಿನವರು ಖಾಲಿ ಕೊಡಬಾರದು, ಸರಿ. ಮನೆಯವರು ತೊಳೆಯುವುದೇ ಇಲ್ಲ. ನನ್ನ ಮಗ ಹಾಗೇ ಕೊಡ್ತಾನೆ, ನಾನು ತೊಳೀತೇನೆ."

"ಛೀ! ಎಂಜಲು ಡಬ್ಬಿನಾ? ನಿಮ್ಮ ಕೈಗೆ?"

"ಎಂಜಲೇ."

"ಆಗಲ್ಲ ಅಮ್ಮ. ನಮ್ಮಮ್ಮ ಕೇಳಿದ್ರೆ ಉಗೀತಾಳೆ."

"ನಿಮ್ಮಮ್ಮನಿಗೆ ಅದನ್ನೂ ಫೋನಲ್ಲಿ ಹೇಳ್ಬೇಡ ಮತ್ತೆ," ಎಂದಳು ಉಮಾವತಿ. ಮಂಚದ ಮೇಲೆ ರಘುನಂದನ್ ನಗಲು ಹೋಗಿ, ಸೊಂಟ ಹಿಡಿದುಕೊಂಡು ನರಳಿದ. ನಗು ಮಾತ್ರ ನಿಲ್ಲಲಿಲ್ಲ.

ಹೇಳಿದಷ್ಟು ಸುಲಭವಾಗಲಿಲ್ಲ. ಉಮಾವತಿ ಡಬ್ಬಿಗಳನ್ನು ಕಂಕುಳಲ್ಲಿಟ್ಟು ಹೋದವಳು ಮರುದಿನ ಒಂದನ್ನು ತುಂಬಿಸಿ ತಂದಳು. ಸಿಂಧೂರ ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಗಂಡನ ಮುಖ ನೋಡಿ ತೆಗೆದುಕೊಂಡಳು. ಅದರ ಮರುದಿನ ಅವಳು ಹಿಂದಿರುಗಿಸಿದ ಡಬ್ಬಿ ಕನ್ನಡಿಯಂತೆ ಬೆಳಗಿತ್ತು, ಅಲ್ಲಾಡಿಸಿದರೆ ಒಳಗೆ ಎರಡು ಏಲಕ್ಕಿ. ಉಮಾವತಿ ಏಲಕ್ಕಿ ತೆಗೆದು ಕಿಟಕಿಯ ಮೇಲಿಟ್ಟಳು.

"ಇದು ನಾನು ತಗೊಳ್ಳುವುದಿಲ್ಲ," ಎಂದು ತೊಳೆದ ಡಬ್ಬಿ ಅಲ್ಲೇ ಬಿಟ್ಟು, ಆ ದಿನದ ಊಟದ ಡಬ್ಬಿಯನ್ನೂ ಪಕ್ಕದಲ್ಲಿಟ್ಟು ಹೋದಳು. ಮುಂದಿನ ಊಟ ತರಲು ಡಬ್ಬಿಯೇ ಇಲ್ಲ. ಹಟದಲ್ಲಿ ಇಬ್ಬರೂ ಸರಿಸಾಟಿ. ಉಮಾವತಿಗೆ ಮಾತ್ರ ಅಂದು ಇಡೀ ದಿನ ಹೆದರಿಕೆಯಿತ್ತು. ನಾಳೆಯೂ ತೊಳೆದದ್ದೇ ಕೊಟ್ಟರೆ? ಹಿಂದಕ್ಕೆ ತಗೊಂಡರೆ ಹುಡುಗಿಯ ಮನೆ ಮತ್ತೆ ಬರಿದಾಗುತ್ತದೆ, ತಗೊಳ್ಳದಿದ್ದರೆ ಊಟ ನಿಲ್ಲುತ್ತದೆ. ಊಟ ನಿಂತರೆ ಅವರು ಉಪವಾಸ.

ಮರುದಿನ ಬರಿಗೈಯಲ್ಲೇ ಹೋದಳು. ಬಾಗಿಲು ತೆರೆದ ಸಿಂಧೂರ ಮುಖ ಎತ್ತಲಿಲ್ಲ. ಮೊದಲು ತೊಳೆದ ಡಬ್ಬಿ ಕೊಟ್ಟಳು. ಆಮೇಲೆ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೈಯೊಂದನ್ನೇ ಮುಂದೆ ಚಾಚಿ ಇನ್ನೊಂದು ಡಬ್ಬಿ ಕೊಟ್ಟಳು. ಅದರ ಅಂಚಿನಲ್ಲಿ ಸಾಂಬಾರು ಸೋರಿ ಒಣಗಿತ್ತು. ಉಮಾವತಿಯ ಬೆರಳು ಅಂಟಂಟಾಯಿತು.

"ಆಯ್ತು. ಒಂದು ಗಂಟೆಯೊಳಗೆ ತುಂಬಿಸಿ ತರ್ತೇನೆ," ಎಂದು ಉಮಾವತಿ ತಿರುಗಿ ಮೆಟ್ಟಿಲಿನ ಕಂಬಿ ಹಿಡಿದಳು.

"ಅಮ್ಮಾ, ನಿಲ್ಲಿ."

ಸಿಂಧೂರ ಹೊರಗೆ ಬಂದಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಒಂದು ಹೇಳಬೇಕಿತ್ತು. ನೀವು ಸಾಂಬಾರಿಗೆ ಬೆಲ್ಲ ಹಾಕ್ತೀರಲ್ಲ. ಅದು ನಮಗೆ ಸೇರಲ್ಲ. ಜನವರಿಯಿಂದ ಹೇಳೋಣ ಅಂತಿದ್ದೆ."

ಲಖನೌದ ಗಿರಾಕಿಯೊಬ್ಬ ಹಿಂದೊಮ್ಮೆ ಇದೇ ಮಾತು ಹೇಳಿದ್ದ. ಉಮಾವತಿ ಸೌಟು ಹಿಡಿದೇ ಹೊರಗೆ ಬಂದು, ಅವನಿಗೆ ಎದುರಿನ ಹೋಟೆಲಿನ ದಾರಿ ತೋರಿಸಿದ್ದಳು. ಬೆಲ್ಲ ಹಾಕದಿದ್ದರೆ ಅದಕ್ಕೆ ಸಾಂಬಾರು ಅಂತ ಯಾರು ಹೇಳ್ತಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಮತ್ತೆ?" ಎಂದಳು.

"ಪಲ್ಯಕ್ಕೆ ತೆಂಗಿನೆಣ್ಣೆ ಬೇಡ. ಇವರು ಮುಟ್ಟಲ್ಲ."

"ಮತ್ತೆ?"

ಸಿಂಧೂರ ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿದಳು.

"ಅನ್ನ ಸಾಲ್ತಿರಲಿಲ್ಲ ಅಮ್ಮ. ಮೂರು ಜನಕ್ಕೆ. ಮೊದಲನೇ ದಿನದಿಂದಲೂ."

ಉಮಾವತಿ ಎಂಜಲು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಅವಳ ಹೋಟೆಲಿನಲ್ಲಿ ದಿನಕ್ಕೆ ನಲವತ್ತು ಸೇರು ಅಕ್ಕಿ ಬೇಯುತ್ತಿತ್ತು.

"ಎಷ್ಟು ಬೇಕು?" ಎಂದು ಕೇಳಿದಳು. "ಸರಿಯಾಗಿ ಹೇಳು."